ಒಂಬತ್ತನೆಯ ಚೌಕ

"ಕತ್ತರಿ ಕೆಳಗ ಇಡ್ರಿ."

ವರದಾ ದನಿ ಎತ್ತಿರಲಿಲ್ಲ. ಆದರೂ ಕೋಣೆಯಲ್ಲಿದ್ದ ಎಂಟೂ ಜನ ಮಾತು ನಿಲ್ಲಿಸಿದರು.

ಮೇಜಿನ ಆಚೆ ಕುಳಿತಿದ್ದ ಅಪರಿಚಿತನ ಒಂದು ಕೈಯಲ್ಲಿ ನೀಲಿ ಪಟ್ಟೆಯ ಅಂಗಿ, ಇನ್ನೊಂದು ಕೈಯಲ್ಲಿ ಕತ್ತರಿ. ಒಂದು ತೋಳು ಆಗಲೇ ಬೇರೆಯಾಗಿತ್ತು. ಅದರ ತುದಿಯಲ್ಲಿ ಬಿಳಿ ಗುಂಡಿ, ಗುಂಡಿಗೆ ಕಪ್ಪು ದಾರ. ಬಿಳಿ ದಾರ ಕೈಗೆ ಸಿಗದ ಒಂದು ಬೆಳಿಗ್ಗೆ ಅವಸರದಲ್ಲಿ ಅವಳೇ ಹಚ್ಚಿದ್ದು.

ಅದು ಅವಳ ಗಂಡ ವಿಕ್ರಮನ ಅಂಗಿ. ಎರಡು ವರ್ಷದಿಂದ ಒಗೆಯದೆ ಕಪಾಟಿನಲ್ಲಿಟ್ಟಿದ್ದ ಅಂಗಿ.

"ಯಾರನ್ನ ಕೇಳಿ ಕತ್ತರಿ ಹಚ್ಚೀರಿ?"

"ಹಳೆ ಬಟ್ಟೆಯ ಚೀಲದಲ್ಲಿತ್ತು," ಎಂದ ಅವನು. "ಚೀಲ ನೀವೇ ತಂದದ್ದಲ್ವಾ?"

ಹೌದು, ಅವಳೇ ತಂದಿದ್ದಳು. ಅತ್ತೆ ಗಂಗೂಬಾಯಿ ಕಟ್ಟಿಕೊಟ್ಟ ಚೀಲವನ್ನು ಬಿಚ್ಚಿ ನೋಡದೆ ತಂದಿದ್ದಳು. ಆದರೆ ತಪ್ಪು ತನ್ನ ಮನೆಯದು ಎಂದು ಈ ಮನುಷ್ಯನ ಮುಂದೆ ಒಪ್ಪಿಕೊಳ್ಳುವುದೇ?

ಅವಳು ಅಂಗಿಯನ್ನು ಕಸಿದುಕೊಂಡಳು. ಅವನು ಎದ್ದು ನಿಂತು ಕತ್ತರಿಸಿದ ತೋಳನ್ನೂ ಎರಡು ಕೈಯಲ್ಲಿ ಚಾಚಿದ.

"ಅದನ್ನ ನೀವ ಇಟ್ಕೊಳ್ರಿ," ಎಂದಳು ವರದಾ. "ಹರಕು ನನಗ ಬ್ಯಾಡ."

ಸದಾಶಿವ ಪೇಠದ ಆ ಹೋಟೆಲಿನ ಮಹಡಿಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಆ ಮರಾಠಿ ಊರಿನಲ್ಲಿ ನೆಲೆಸಿದ ಕನ್ನಡದವರು ಸೇರುತ್ತಿದ್ದರು. ಎಲ್ಲರೂ ಒಂದೇ ಪುಸ್ತಕ ಓದುವುದು, ಓದಿದ್ದನ್ನು ಹಳೆ ಬಟ್ಟೆಯ ಒಂದೊಂದು ಚೌಕದಲ್ಲಿ ಹೊಲಿದು ತರುವುದು, ಚೌಕಗಳನ್ನೆಲ್ಲ ಕೂಡಿಸಿ ಕೌದಿ ಮಾಡುವುದು. ಬೆಳಗಾವಿಯ ಶರ್ವರಿ ಹೂಡಿದ ಆಟ ಇದು. ಕೂಡಿಸುವ ಕೆಲಸ ವರದಾಳದು, ಏಕೆಂದರೆ ಅವರಲ್ಲಿ ಕೌದಿ ಹಾಕಲು ನಿಜವಾಗಿ ಬರುತ್ತಿದ್ದದ್ದು ಅವಳೊಬ್ಬಳಿಗೆ. ಧಾರವಾಡದ ಅಜ್ಜಿ ಕಲಿಸಿದ್ದು.

ವರದಾಳಿಗೆ ಅವರೆಲ್ಲರ ಮೇಲೂ ತಾತ್ಸಾರವಿತ್ತು. ಪುಸ್ತಕದಲ್ಲಿ ಬಾವಿ ಬಂದರೆ ಎಂಟು ನೀಲಿ ಚೌಕ ಬರುತ್ತಿದ್ದವು. ಯಾರಾದರೂ ಸತ್ತರೆ ಎಂಟು ದೀಪ. ಮುಗಿದ ಕೌದಿಯನ್ನು ಯಾರೂ ಹೊದೆಯುತ್ತಿರಲಿಲ್ಲ. ಗೋಡೆಗೆ ತೂಗುಹಾಕಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಜ್ಜಿ ನೋಡಿದ್ದರೆ ಆ ಕೌದಿಯಿಂದ ನೆಲ ಒರೆಸುತ್ತಿದ್ದಳು.

ತನ್ನದೊಂದು ಚೌಕವನ್ನು ಅವಳು ಎಂದೂ ತಂದಿರಲಿಲ್ಲ.

ಹಾಗಾದರೆ ಯಾಕೆ ಬರುತ್ತಿದ್ದಳು? ಶನಿವಾರ ಅವಳು ಕೆಲಸ ಮಾಡುವ ಕಾಲೇಜಿಗೆ ರಜೆ. ಮನೆಯಲ್ಲಿ ಕಪಾಟು ಇತ್ತು, ಅದರಲ್ಲಿ ಅಂಗಿ ಇತ್ತು. ತಳೇಗಾಂವದ ಕಾರ್ಖಾನೆಯಿಂದ ಬರುವಾಗ ವಿಕ್ರಮ ಕಂಪನಿ ಬಸ್ಸಿನಲ್ಲಿ ಕುಳಿತಲ್ಲೇ ತೀರಿಹೋಗಿದ್ದ. ನಿದ್ದೆ ಮಾಡಿದ್ದಾನೆ ಎಂದುಕೊಂಡು ಉಳಿದವರೆಲ್ಲ ಇಳಿದುಹೋಗಿದ್ದರು. ಅಷ್ಟೆ. ಅದರಾಚೆ ಯೋಚಿಸಲು ಅವಳಿಗೆ ಆಗುತ್ತಿರಲಿಲ್ಲ, ಅಳಲೂ ಆಗುತ್ತಿರಲಿಲ್ಲ.

ಹೊಸಬನ ಹೆಸರು ಪೃಥ್ವಿರಾಜ್. ಹೋಟೆಲು ಅವನದೇ, ಉಡುಪಿ ಕಡೆಯವನು. ಮಹಡಿಯನ್ನು ಪುಕ್ಕಟೆ ಕೊಟ್ಟ ತಪ್ಪಿಗೆ ಶರ್ವರಿ ಅವನನ್ನೂ ಗುಂಪಿಗೆ ಎಳೆದಿದ್ದಳು.

ಆ ತಿಂಗಳ ಕಾದಂಬರಿಯಲ್ಲಿ ಅಂಬಿಗನೊಬ್ಬ ಹೊಳೆಯಲ್ಲಿ ಕಾಣೆಯಾಗುತ್ತಾನೆ. ಅವನ ಹೆಂಡತಿ ಹನ್ನೆರಡು ವರ್ಷ ದಿನವೂ ಅವನಿಗೆ ತಟ್ಟೆ ಬಡಿಸಿಡುತ್ತಾಳೆ. ಎಲ್ಲರೂ ಕಣ್ಣೊರೆಸಿಕೊಂಡರು. ಪೃಥ್ವಿರಾಜ್ ಮಾತ್ರ ಪುಸ್ತಕ ಅರ್ಧಕ್ಕೇ ನಿಂತಿದೆ ಎಂದ.

"ಯಾಕ್ರಿ, ಅಕ್ಷರ ಸಣ್ಣವು ಇದ್ದವೇನು?" ಎಂದು ಕೇಳಿದಳು ವರದಾ. ಕೆಲವರು ನಕ್ಕರು.

"ಅದಲ್ಲ. ಬಡಿಸಿಟ್ಟ ಆ ಅನ್ನ ಕಡೆಗೆ ಯಾರು ಉಂಡರು ಅಂತ ಬರೆದೇ ಇಲ್ಲ. ನನಗೆ ಅಲ್ಲಿಂದ ಮುಂದೆ ಹೋಗಲಿಕ್ಕೇ ಆಗಲಿಲ್ಲ."

ಎಂಥ ದಡ್ಡ… ಎಂದುಕೊಂಡಳು ವರದಾ. ಸಾವಿನ ಕಥೆಯಲ್ಲೂ ಇವನಿಗೆ ಕಾಣುವುದು ಅನ್ನವೇ!

ಆದರೆ ಆ ರಾತ್ರಿ ತನ್ನ ತಟ್ಟೆಯ ಮುಂದೆ ಕುಳಿತಾಗ ಆ ಮಾತು ಎಲ್ಲಿಂದಲೋ ನೆನಪಾಯಿತು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಹತ್ತು ದಿನದ ಮೇಲೆ ಕಾಲೇಜಿಗೆ ಹೋಗುವಾಗ ಅವಳು ಹೋಟೆಲಿನ ಬಾಗಿಲಲ್ಲೇ ನಿಂತುಬಿಟ್ಟಳು. ಮಾಣಿ ತಾಯಪ್ಪ ಮೇಜು ಒರೆಸುತ್ತಿದ್ದ. ಅವನ ಕೈಯಲ್ಲಿದ್ದ ಬಟ್ಟೆಗೆ ನೀಲಿ ಪಟ್ಟೆ.

ಅವಳು ನೇರ ಪೃಥ್ವಿರಾಜ್ ದುಡ್ಡು ಎಣಿಸುತ್ತ ಕೂತಿದ್ದ ಗಲ್ಲೆಯ ಹತ್ತಿರ ಹೋದಳು. ಇಡ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡುತ್ತಿದ್ದರು.

"ನನ್ನ ಗಂಡನ ಅಂಗಿಲೆ ಎಂಜಲಾ ಒರಸಲಿಕ್ಕೆ ಹಚ್ಚೀರಿ?"

ಪೃಥ್ವಿರಾಜನ ಮುಖ ಕೆಂಪಾಯಿತು. "ಅದು ಅದಲ್ಲ…"

"ಹಂಗಾದ್ರ ತೋಳು ಎಲ್ಲೆದ? ಕೊಡ್ರಿ ಈಗ."

"ಈಗ ಕೊಡ್ಲಿಕ್ಕೆ ಆಗುವುದಿಲ್ಲ. ಶನಿವಾರ ತರ್ತೇನೆ."

"ಒಗದು ತರ್ರಿ," ಎಂದಳು ವರದಾ. "ನಿಮ್ಮ ಸಾಂಬಾರಿನ ವಾಸನಿ ನಮಗ ಆಗಂಗಿಲ್ಲ."

ಶನಿವಾರ ಅವನು ತಂದದ್ದು ಒಂದು ಚೌಕ. ಹಳೆಯ ಪಂಚೆಯಿಂದ ಮಾಡಿದ ಬರೀ ಬಿಳಿ ಚೌಕ, ಹೂವಿಲ್ಲ, ದೋಣಿಯಿಲ್ಲ. "ತಂದಿದ್ದೇನೆ," ಎಂದಷ್ಟೇ ಹೇಳಿ ಅವಳ ಮುಂದಿಟ್ಟ. ದೋಣಿ ಹೊತ್ತ ಎಂಟು ನೀಲಿ ಚೌಕಗಳ ಪಕ್ಕದಲ್ಲಿ ಅದು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಹೊಲಿಗೆಗಳು ಜೋಳದ ಕಾಳಿನಷ್ಟು ದಪ್ಪ.

"ಇದು ಚೌಕ ಅಲ್ರಿ, ತಲಿದಿಂಬು," ಎಂದಳು ವರದಾ. ಈ ಸಲ ಎಲ್ಲರೂ ನಕ್ಕರು. ಅವನು ಏನೋ ಹೇಳಲು ಬಾಯಿ ತೆರೆದು, ಆ ನಗುವನ್ನು ಕೇಳಿ ಸುಮ್ಮನಾದ.

ತೋಳಿನ ಮಾತನ್ನು ಅವಳು ಎತ್ತಲಿಲ್ಲ. ಒಮ್ಮೆ ಕೇಳಿಯಾಗಿತ್ತು. ಇಂಥವನ ಹತ್ತಿರ ಎರಡನೆಯ ಸಲ ಕೇಳುವುದೆಂದರೆ ಬೇಡಿದಂತೆ.

ಸಂಜೆ ಮನೆಯಲ್ಲಿ ಚೌಕಗಳನ್ನು ಕೂಡಿಸಲು ಕುಳಿತಳು. ಎಂಟು ಮುಗಿದವು. ಒಂಬತ್ತನೆಯದಕ್ಕೆ ಸೂಜಿ ಹಾಕಿದ್ದೇ ತಡ, ಟಕ್ಕೆಂದು ಮುರಿಯಿತು. ಒಳಗೆ ಏನೋ ಗಟ್ಟಿಯಾದದ್ದು ಇತ್ತು. ಕಲ್ಲು ತುಂಬಿದ್ದಾನೋ ಏನೋ ಎಂದು ಬೈದುಕೊಳ್ಳುತ್ತ ಅವಳು ಹೊಲಿಗೆ ಬಿಚ್ಚಿದಳು.

ಬಿಳಿ ಗುಂಡಿ. ಕಪ್ಪು ದಾರ.

ನೀಲಿ ಪಟ್ಟೆಯ ತೋಳು ಮಡಿಕೆ ಮಡಿಕೆಯಾಗಿ ಒಳಗೆ ಕುಳಿತಿತ್ತು. ಮತ್ತೆಲ್ಲಿಯೂ ಕತ್ತರಿಸಿರಲಿಲ್ಲ, ಚೌಕಕ್ಕೆ ಹಿಡಿಸಲಿ ಎಂದು ಮಡಚಿದ್ದ, ಅಷ್ಟೆ. ಪಂಚೆಯ ಒಳಬದಿಯಲ್ಲಿ ಸಾಸಿವೆಯಷ್ಟು ಸಣ್ಣ ನಾಲ್ಕೈದು ರಕ್ತದ ಕಲೆಗಳು. ಸೂಜಿ ಹಿಡಿದು ಗೊತ್ತಿಲ್ಲದ ಕೈ.

"ಅತ್ಯಾ…"

ಗಂಗೂಬಾಯಿ ಬಂದು ನೋಡಿದರು. ಅವರಿಗೆ ಆಶ್ಚರ್ಯವಾಗಲಿಲ್ಲ. ವರದಾ ಕಾಲೇಜಿನಲ್ಲಿದ್ದಾಗ ಪೃಥ್ವಿರಾಜ್ ತೋಳು ಕೊಡಲು ಮನೆಗೆ ಬಂದಿದ್ದನಂತೆ. ಅವರು ತೆಗೆದುಕೊಳ್ಳಲಿಲ್ಲ. ಕೌದಿಗೆ ಒಂದು ರೀತಿ ಇದೆ, ಹೋದವರ ಬಟ್ಟೆ ಒಳಗೆ, ಇದ್ದವರದು ಮೇಲೆ. ಹಾಗೇ ಹಾಕು ಎಂದು ಹೇಳಿ ಕಳಿಸಿದ್ದರಂತೆ. ಕೌದಿಯೊಳಗೆ ಬಟ್ಟೆಯನ್ನು ಒಂದೇ ಪದರವಾಗಿ ಹಾಸಬೇಕು ಎಂದು ಕರಾವಳಿಯ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಅವನು ಇಡೀ ತೋಳನ್ನು ತುಂಬಿಬಿಟ್ಟಿದ್ದ.

"ಅಂಗಿ ಚೀಲದಾಗ ಹಾಕಿದಾಕಿನೂ ನಾನ," ಎಂದರು ಗಂಗೂಬಾಯಿ. "ನನ್ನ ಮಗಂದ ಅದು, ನನಗ ಸಂಕಟ ಆಗಲಿಲ್ಲಂತ ತಿಳಿಬ್ಯಾಡ. ಆದ್ರ ನೀ ಕಪಾಟಿನ ಮುಂದ ನಿಂತಿ ಅಂದ್ರ ನಿನ್ನ ತಾಟಿನಾಗಿನ ಅನ್ನ ಆರಿ ತಣ್ಣಗಾಗತಿತ್ತು. ಎಷ್ಟ ದಿನಾಂತ ನೋಡ್ಲಿ?"

ವರದಾ ತೋಳನ್ನು ಮುಖಕ್ಕೆ ಹಿಡಿದಳು. ವಿಕ್ರಮನ ವಾಸನೆ ಇರಲಿಲ್ಲ. ಅದು ಎಂದೋ ಹೋಗಿತ್ತು. ಅವಳು ಒಪ್ಪಿಕೊಂಡಿರಲಿಲ್ಲ, ಅಷ್ಟೆ.

ಎರಡು ವರ್ಷದಲ್ಲಿ ಮೊದಲ ಸಲ ಅವಳು ಅತ್ತಳು. ಅತ್ತೆಯೂ ಜೊತೆಗೆ ಕೂತು ಅತ್ತರು. ಆಮೇಲೆ ಇಬ್ಬರೂ ಊಟ ಮಾಡಿದರು, ಅನ್ನ ಬಿಸಿಯಿರುವಾಗಲೇ.

ಭಾನುವಾರ ಬೆಳಿಗ್ಗೆ ಹೋಟೆಲಿನಲ್ಲಿ ತಾಯಪ್ಪ ಅದೇ ಬಟ್ಟೆಯಿಂದ ಮೇಜು ಒರೆಸುತ್ತಿದ್ದ. ವರದಾ ಹತ್ತಿರದಿಂದ ನೋಡಿದಳು. ಒರಟು ಚಾದರದ ತುಂಡು, ಪಟ್ಟೆ ಬೆರಳಗಲ. ತನ್ನ ಕಣ್ಣಿನ ಮೇಲೆ ಅವಳಿಗೇ ತಾತ್ಸಾರ ಹುಟ್ಟಿತು.

ಬಿಚ್ಚಿದ ಚೌಕವನ್ನು ಗಲ್ಲೆಯ ಮೇಲಿಟ್ಟಳು.

"ಹೊಲಿಗಿ ಭಾಳ ಕೆಟ್ಟದ."

"ಗೊತ್ತುಂಟು," ಎಂದ ಪೃಥ್ವಿರಾಜ್. "ಮೂರು ಸಲ ಬಿಚ್ಚಿ ಹಾಕಿದ್ದು."

"ಗುಂಡಿ ತಗೀಬೇಕಿತ್ತು. ಕೌದಿಯೊಳಗ ಗುಂಡಿ ಯಾರೂ ಇಡೂದಿಲ್ಲ."

"ಬಿಳಿ ಗುಂಡಿಗೆ ಕಪ್ಪು ದಾರ ಕಂಡಿತು. ಯಾರೋ ಅವಸರದಲ್ಲಿ, ಆದರೆ ಗಟ್ಟಿಯಾಗಿ ಹಾಕಿದ್ದು. ಬಿಚ್ಚಲಿಕ್ಕೆ ಮನಸ್ಸು ಬರಲಿಲ್ಲ."

ವರದಾ ಆ ಗುಂಡಿಯನ್ನು ಬೆರಳಿನಿಂದ ಒಮ್ಮೆ ಸವರಿದಳು.

"ಆವತ್ತು ಅಷ್ಟು ಮಂದಿ ಮುಂದ ಅಂದೆ. ತಪ್ಪಾತು," ಎಂದಳು. "ಆದ್ರ ನೀವು ಯಾಕ ಹೇಳಲಿಲ್ಲ?"

"ಹೇಳಿದ್ರೆ ನೀವು ಬೈಯುವುದು ನಿಲ್ಲಿಸ್ತಿದ್ರಿ." ಅವನು ಚಿಲ್ಲರೆಯ ಡಬ್ಬಿಯನ್ನು ಸುಮ್ಮನೆ ಮುಚ್ಚಿ ತೆರೆದ. "ಬೇರೆಯವರ ಹತ್ತಿರ ನೀವು ಮಾತೇ ಆಡುವುದಿಲ್ಲ. ನನಗೆ ಬೈಯುವಾಗ ಮಾತ್ರ ನಿಮ್ಮ ಮುಖದಲ್ಲಿ ಜೀವ ಬರ್ತದೆ. ಅದನ್ನು ನೋಡ್ಲಿಕ್ಕೆ ನಾನು ಶನಿವಾರ ಕಾಯ್ತೇನೆ ಮಾರಾಯ್ರೆ. ಪುಸ್ತಕಕ್ಕಲ್ಲ."

ಕಾಫಿಯ ಲೋಟಗಳ ಸದ್ದಿನಲ್ಲಿ ಆ ಮಾತು ಅವಳಿಗೊಬ್ಬಳಿಗೇ ಕೇಳಿಸಿತು. ವರದಾ ಬಿಚ್ಚಿದ ಚೌಕವನ್ನು ಮಡಚಿ ಕೈಗೆತ್ತಿಕೊಂಡಳು.

"ನಾ ಒಂದು ಕೌದಿ ಹಾಕಬೇಕಂತೀನಿ," ಎಂದಳು. "ಗ್ವಾಡಿಗೆ ಅಲ್ಲ, ಹೊದಿಲಿಕ್ಕೆ. ವಿಕ್ರಮನ ಅಂಗಿ ಒಳಗ ಹಾಸ್ತೀನಿ, ತೋಳೂ ಕೂಡೇ."

"ಮೇಲೆ?"

"ಮ್ಯಾಲ ಇದ್ದವರದು ಬೇಕು." ಅವಳು ತಲೆ ಎತ್ತಿದಳು. "ನಿಮ್ಮದೊಂದು ಅಂಗಿ ಕೊಡ್ರಿ."

ಗಿರಾಕಿಯೊಬ್ಬ ಬಿಲ್ಲು ಹಿಡಿದು ಕಾಯುತ್ತಿದ್ದುದು ಪೃಥ್ವಿರಾಜನಿಗೆ ಕಾಣಲಿಲ್ಲ.

"ಹೊಸದು ಕೊಡ್ಲಾ?"

"ಹೊಸಾದಕ್ಕ ಸೂಜಿ ಇಳಿಯೂದಿಲ್ಲ. ಹಾಕ್ಕೊಂಡು ಹಾಕ್ಕೊಂಡು ಮೆತ್ತಗಾದದ್ದು ಬೇಕು. ಇಷ್ಟೂ ತಿಳಿಯೂದಿಲ್ಲ ನಿಮಗ."

ಅವನು ತಲೆ ಬಗ್ಗಿಸಿ ತಾನು ತೊಟ್ಟಿದ್ದ ಅಂಗಿಯನ್ನು ನೋಡಿಕೊಂಡ. ಕಾಲರು ಸವೆದಿತ್ತು.

"ಇದು ಆಗ್ತದಾ?"

"ಆಗ್ತದ. ಸಂಜಿಗೆ ಮನಿಗೆ ಬರ್ರಿ. ಊಟಕ್ಕ."

"ಒಗೆದು ತರ್ತೇನೆ."

"ಬ್ಯಾಡ," ಎಂದಳು ವರದಾ ಮೆಲ್ಲಗೆ. "ಹಂಗ ತರ್ರಿ."