ಹತ್ತೊಂಬತ್ತನೇ ತಿರುವಿನಲ್ಲಿ ಕೋರಂ

"ಬ್ರೇಕ್ ಒತ್ಲಾ ಮಾದೇಶ!... ಒತ್ಲಾ!"

ಲಾರಿ ಕಿರುಚಿಕೊಂಡು ಓರೆಯಾಗಿ ಜಾರಿತು. ಮುಂದಿನ ಚಕ್ರ ತಡೆಗೋಡೆಗೆ ಒಂದು ಗೇಣು ಉಳಿದಿರುವಾಗ ನಿಂತಿತು. ಗೋಡೆಯಾಚೆ ಬರೀ ಮಂಜು. ಮಂಜಿನ ಕೆಳಗೆ ಕಾಡು. ಅಷ್ಟೇ!

ನಾನು ಕ್ಯಾಬಿನ್ ಬಾಗಿಲಿಗೆ ಜೋತುಬಿದ್ದಿದ್ದೆ.

"ಸಾಯ್ಸ್‌ಬುಡ್ತಿದ್ದಲ್ಲಣ್ಣಾ!" ಅಂದ ಮಾದೇಶ.

"ಅಡ್ಡ ನಿಂತ್ಕತಲ್ಲ, ಸಾಕು ಬುಡು. ಬಾನೆಟ್ ಎತ್ತು. ಯಾರಾರ ಕೇಳುದ್ರೆ ಗಾಡಿ ಕೆಟ್ಟೋಗದೆ."

ಮೂತಿ ಇಳಿಜಾರಿಗೆ, ಬಾಲ ದಿಂಬಂ ಕಡೆಗೆ. ಲಾರಿ ತುಂಬಾ ಕೋಸಿನ ಮೂಟೆ. ದಿಂಬಂ ಘಾಟಿನ ಹತ್ತೊಂಬತ್ತನೇ ತಿರುವು ಬಂದ್! ಒಂದು ಬೈಕ್ ನುಸುಳಬಹುದು. ಕಾರು ಆಗದ ಮಾತು.

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಮೂರೂವರೆವರೆಗೆ ಒಬ್ಬ ಹೆಂಗಸನ್ನು ಬೆಟ್ಟದ ಮೇಲೇ ತಡೆದು ನಿಲ್ಲಿಸಬೇಕು. ಇದೇ ನನ್ನ ಕೆಲಸ.

ನಾನು ಯಾರು ಅಂತೀರಾ? ಶಿವಮಲ್ಲು. ಊರು ಪಣಕಹಳ್ಳಿ. ಘಾಟಿನ ಕೆಳಗಿನ ಮೆಡಿಕಲ್ ಕಾಲೇಜಿಗೆ ನಾನು 'ಲೈಸನ್ ಆಫೀಸರ್'. ಹೆಸರು ದೊಡ್ಡದು, ಕೆಲಸ ಕೊಳಕು. ಡೀನ್ ಸಾಹೇಬರಿಗೆ ಬೇಡವಾದ ಕಮಿಟಿ ಸೇರದ ಹಾಗೆ ನೋಡಿಕೊಳ್ಳೋದು!

ನಗಬೇಡಿ. ಮೆಡಿಕಲ್ ಕಾಲೇಜು ನಡೆಯೋದೇ ಕಮಿಟಿ ಮೇಲೆ. ಯಾರು ಪಾಸು, ಯಾರಿಗೆ ಬಡ್ತಿ, ಯಾರ ಕೈಗೆ ಕತ್ತಿ ಕೊಡಬಹುದು... ಎಲ್ಲಾ ಪ್ರೊಫೆಸರ್‌ಗಳ ಕಮಿಟಿಯೇ ತೀರ್ಮಾನ ಮಾಡಬೇಕು. ಡೀನ್ ರಾಜಶೇಖರ್ ಎಷ್ಟೇ ಮೀಸೆ ತಿರುವಿದರೂ ಕಮಿಟಿ ರಿಜಿಸ್ಟರಿನಲ್ಲಿ ಬರೆದದ್ದನ್ನು ಅಳಿಸೋಕೆ ಆಗಲ್ಲ. ಅದಕ್ಕೇ ಬರೆಯೋಕೇ ಬಿಡಬಾರದು!

ಈ ಸಲದ್ದು ಡೆತ್ ರಿವ್ಯೂ ಕಮಿಟಿ. ಆಸ್ಪತ್ರೆಯಲ್ಲಿ ಸತ್ತವರು ಯಾಕೆ ಸತ್ತರು ಅಂತ ನೋಡುವ ಕಮಿಟಿ. ಐದು ಮೆಂಬರು. ಮೂವರು ಕೂತರೆ ಕೋರಂ. ಇಬ್ಬರು ಡೀನ್ ಕಡೆಯವರು, ಅವರು ಬರೋದೇ ಇಲ್ಲ. ಉಳಿದವರು ಅಧ್ಯಕ್ಷರು, ಕಾರ್ಯದರ್ಶಿ, ಪೆಥಾಲಜಿಯ ಡಾಕ್ಟರ್ ಪದ್ಮಶ್ರೀ. ಪದ್ಮಶ್ರೀ ತಪ್ಪಿಸಿದರೆ ಇಬ್ಬರೇ. ಕೋರಂ ಇಲ್ಲ, ಮೀಟಿಂಗ್ ಇಲ್ಲ.

ಎರಡು ಸಲ ತಪ್ಪಿಸಿದ್ದೆ. ಮೂರನೇ ಸಲ ಗೈರಾದರೆ ರೂಲ್ ಪ್ರಕಾರ ಆಕೆಯ ಸೀಟೇ ಹೋಗುತ್ತೆ. ಆ ಜಾಗಕ್ಕೆ ಡೀನ್ ತನ್ನವನನ್ನು ಕೂರಿಸುತ್ತಾನೆ. ಆಮೇಲೆ ಆ ಫೈಲು ಯಾವತ್ತೂ ತೆರೆಯಲ್ಲ.

ಫೈಲಿನಲ್ಲಿ ಏನಿತ್ತು? ನಾನು ಕೇಳಿರಲಿಲ್ಲ. ಕೇಳದಿರೋದೇ ನನ್ನ ಕಸುಬು.

ಜಾಗ ಡೀನೇ ಹೇಳಿದ್ದು. "ಹತ್ತೊಂಬತ್ತನೇ ತಿರುವು ಕಣಯ್ಯಾ. ಅಲ್ಲಿ ಸಿಗ್ನಲ್ ಇಲ್ಲ. ಫೋನಲ್ಲೂ ಅವಳು ಮೀಟಿಂಗಿಗೆ ಸೇರಬಾರದು."

ಮಾದೇಶ ತಾಳಮಲೆಯ ಹುಡುಗ. ದುಡ್ಡು ಕೇಳಲಿಲ್ಲ. ಅವನವ್ವ ಮಲ್ಲಿಗಮ್ಮ ಮೂರು ತಿಂಗಳಿಂದ ಹೊಟ್ಟೆನೋವಿನಲ್ಲಿ ನರಳುತ್ತಿದ್ದಳು. ಕಾಲೇಜಿನ ಫ್ರೀ ಕ್ಯಾಂಪಿನಲ್ಲಿ ಆಪರೇಷನ್ನಿಗೆ ಬರೆದಿದ್ದರು, ಆದರೆ ಸರದಿ ದೂರ. "ಲಾರಿ ಅಡ್ಡ ನಿಲ್ಸು, ನಿಮ್ಮವ್ವನ ಆಪ್ರೇಸನ್ ನಾಳಕೇ ಮಾಡುಸ್ತೀನಿ. ದೊಡ್ಡ ಡಾಕ್ಟ್ರು ಕೈಲೇ!" ಅಂದಿದ್ದೆ. ಆ ಡಾಕ್ಟರ ಹೆಸರನ್ನೂ ಹೇಳಿದ್ದೆ. ಡೀನಿಗೆ ಒಂದು ಫೋನು, ಮಲ್ಲಿಗಮ್ಮನ ಹೆಸರು ಲಿಸ್ಟಿನ ಮೇಲೆ ಬಂತು. ಮಾದೇಶ ನನ್ನ ಕಾಲಿಗೆ ಬಿದ್ದಿದ್ದ.

ಮಂಜು ದಟ್ಟವಾಯಿತು. ಎಲ್ಲೋ ಮುಸುವ ಒಂದು ಸಲ ಕೂಗಿ ಸುಮ್ಮನಾಯಿತು. ಆಮೇಲೆ ಕಾಡಿನಲ್ಲಿ ಒಂದು ಹಕ್ಕಿಯ ಸದ್ದೂ ಇಲ್ಲ. ನನಗದು ಹಿಡಿಸಲಿಲ್ಲ.

ಲಾರಿಯ ಮೂತಿಯ ಮುಂದೆ, ಕೆಳಗಡೆ, ಕಾಲೇಜಿನ ಜೀಪು. ಒಳಗೆ ಮಣಿ. ಸೆಕ್ಯುರಿಟಿ ಚೀಫ್ ಅಂತ ಹೆಸರು, ರೌಡಿ ಅಂತ ಕೆಲಸ. ತೊಡೆಯ ಮೇಲೆ ಕಬ್ಬಿಣದ ಪೈಪು.

"ಆ ಯಮ್ಮ ಇಳ್ದು ನಡ್ಕಂಡು ಬಂದ್ರೆ?" ಅಂತ ಕೇಳಿದ್ದೆ.

"ಕಾಲು ಉಳುಕುತ್ತೆ," ಅಂದಿದ್ದ ಮಣಿ. "ಘಾಟಲ್ವಾ... ಕಾಲು ಉಳುಕೋದು ಸಹಜ!"

ಎರಡೂವರೆಗೆ ಬಿಳಿ ಕಾರು ಬಂತು.

ಪದ್ಮಶ್ರೀ ಇಳಿದಳು. ನಲವತ್ತರ ಹೆಂಗಸು, ದೊಡ್ಡಗಾಜನೂರಿನ ಮನೆಮಗಳು. ರಜೆಗೆ ಬಂದಿದ್ದವಳು. ಬಗಲಲ್ಲಿ ಒಂದು ಫೈಲು.

"ಗಾಡಿ ಕೆಟ್ಟಿದೆ ಮೇಡಂ," ಅಂದೆ. "ಎರಡು ಗಂಟೆಯಾದರೂ ಬೇಕು."

ನನ್ನ ಮುಖ ನೋಡಿದಳು. "ಹೋದ ಸಲ ನನ್ನ ಟಯರ್ ಬದಲಾಯಿಸಿಕೊಟ್ಟವರು ನೀವೇ ಅಲ್ವಾ? ಒಂದು ಟಯರಿಗೆ ಒಂದೂವರೆ ಗಂಟೆ ತಗೊಂಡಿದ್ರಿ!"

ನಾನು ಬಾನೆಟ್ಟಿನೊಳಗೆ ತಲೆ ತೂರಿಸಿದೆ.

"ಅದರ ಹಿಂದಿನ ಸಲ ನಮ್ಮಮ್ಮ ಬಿದ್ದರು ಅಂತ ಸುಳ್ಳು ಫೋನ್ ಮಾಡಿದ ಧ್ವನಿಯೂ ಇದೇ."

ಸ್ವಲ್ಪ ಹೊತ್ತಿಗೆ ಕೆಳಗಿಂದ ಹಾರ್ನ್ ಕೇಳಿಸಿತು. ಮಂಜಿನಲ್ಲಿ ಎರಡು ಹಳದಿ ಕಣ್ಣು. ಒಂದು ಹಳೇ ಕಾರು ಏದುಸಿರು ಬಿಡುತ್ತಾ ಹತ್ತಿ ಬಂದು ಜೀಪಿನ ಹಿಂದೆ, ರಸ್ತೆಯ ಬದಿಗೆ ನಿಂತಿತು. ಇಬ್ಬರು ಇಳಿದರು.

ಇವರು ನನ್ನ ಲೆಕ್ಕದಲ್ಲೇ ಇರಲಿಲ್ಲ!

ಮುಂದೆ ಡಾಕ್ಟರ್ ಚನ್ನಬಸವ. ಅನಾಟಮಿಯ ಮುದುಕ ಪ್ರೊಫೆಸರ್, ಕಮಿಟಿಯ ಅಧ್ಯಕ್ಷ. ಹಿಂದೆ ಡಾಕ್ಟರ್ ರಂಜಿತ, ಕಾರ್ಯದರ್ಶಿ. ಎರಡು ಸಲ ಮೋಸ ಹೋದಮೇಲೆ ಪದ್ಮಶ್ರೀಯನ್ನು ಕರೆದೊಯ್ಯೋಕೆ ಅವರೇ ಹೊರಟು ಬಂದಿದ್ದರು. ಮಣಿಗೆ ಆರ್ಡರ್ ಇದ್ದದ್ದು ಪದ್ಮಶ್ರೀ ಬಗ್ಗೆ ಮಾತ್ರ. ಪೆದ್ದ ಎದ್ದು ನಿಂತು ಸಲ್ಯೂಟ್ ಹೊಡೆದ! ಇಬ್ಬರೂ ಲಾರಿಯ ಪಕ್ಕದ ಸಂದಿಯಲ್ಲಿ ನುಸುಳಿ ನಮ್ಮ ಕಡೆ ಬಂದರು.

ಚನ್ನಬಸವ ವಾಚು ನೋಡಿದ. "ಎರಡು ಐವತ್ತು. ಮಂಜಲ್ಲಿ ಬರೋದೇ ತಡವಾಯ್ತು. ಮೂರೂವರೆ ಒಳಗೆ ಶುರುವಾಗಬೇಕು. ಕಾಲೇಜಿಗೆ ಒಂದು ಗಂಟೆ ದಾರಿ. ಇನ್ನು ಆಗಲ್ಲ ಬಿಡಮ್ಮಾ."

"ಸರ್," ಅಂದಳು ರಂಜಿತ. "ರೂಲ್ ಹದಿನೊಂದು. ಮೀಟಿಂಗ್ ಜಾಗ ಬದಲಾಯಿಸೋ ಅಧಿಕಾರ ಅಧ್ಯಕ್ಷರದು. ಬರೆದು ಸಹಿ ಮಾಡಿದರೆ ಸಾಕು."

"ಎಲ್ಲಿಗೆ ಬದಲಾಯಿಸಲಿ?"

"ಇಲ್ಲಿಗೇ!"

ಮುದುಕ ಸುತ್ತ ನೋಡಿದ. ಮಂಜು, ಲಾರಿ, ನಾನು. ನಿವೃತ್ತಿಗೆ ಎರಡು ತಿಂಗಳು. ಹೆದರಿದ್ದ ಪಾಪ.

"ಕೂರೋಕಾದರೂ ಏನಾದರೂ ಬೇಡವೇ?" ಅಂದ.

ಮಾದೇಶ ಒಳ್ಳೆ ಹುಡುಗ, ಅದೇ ಬಂದ ತೊಂದರೆ. ನಾನು ಕಣ್ಣು ಹೊಡೆಯೋ ಮೊದಲೇ ನಾಲ್ಕು ಕೋಸಿನ ಮೂಟೆ ಇಳಿಸಿದ. "ಕೂತ್ಕಳಿ ಸಾ. ವಯಸ್ಸಾದೋರು."

ಮೂರು ಮೂಟೆ ಕುರ್ಚಿ. ಒಂದು ಮೂಟೆ ಮೇಜು. ಮೂರು ಗಂಟೆಗೆ ರಂಜಿತ ಬ್ಯಾಗಿನಿಂದ ರಿಜಿಸ್ಟರ್ ತೆಗೆದಳು!

ನಾನು ತಡೆಯಬಹುದಿತ್ತು. ಮಣಿಯನ್ನು ಕೂಗಿದರೆ ಸಾಕಿತ್ತು. ಕೂಗೋಕೆ ಬಾಯಿ ತೆರೆದೆ ಕೂಡ.

ಆಗ ಪದ್ಮಶ್ರೀ ಫೈಲು ಓದೋಕೆ ಶುರು ಮಾಡಿದಳು. "ಎಂಟು ತಿಂಗಳಲ್ಲಿ ಮೂರು ಸಾವು. ಮೂವರೂ ಬೆಟ್ಟದ ಫ್ರೀ ಕ್ಯಾಂಪಿನವರು. ಮೂರರಲ್ಲೂ ಕರುಳಿನ ಹೊಲಿಗೆ ಬಿಚ್ಚಿಕೊಂಡಿದೆ. ಸರ್ಜನ್ ಒಬ್ಬರೇ. ಅವರ ಕೈ ನಡುಗುತ್ತೆ ಅಂತ ಥಿಯೇಟರ್ ನರ್ಸ್‌ಗಳು ನಾಲ್ವರು ಬರೆದುಕೊಟ್ಟಿದ್ದಾರೆ. ಡಾಕ್ಟರ್ ಉಮಾಶಂಕರ್."

ಉಮಾಶಂಕರ್. ಡೀನ್ ಹೆಂಡತಿಯ ತಮ್ಮ.

ಮಾದೇಶ ತಿರುಗಿದ. ನಿಧಾನವಾಗಿ.

"ಅಣ್ಣಾ... ನಮ್ಮವ್ವುಂಗೆ ನಾಳಕೆ ಕುಯ್ಯೋರು ಯಾರು ಅಂದೆ ನೀನು?"

ನಾನು ನೆಲ ನೋಡಿದೆ.

"ಯೋಳಣ್ಣಾ! ಅದೇ ಎಸ್ರಲ್ವಾ?"

"ಊಂ," ಅಂದೆ.

ಹೇಸಿಗೆಯಾಯಿತು ಸ್ವಾಮೀ, ನನ್ನ ಮೇಲೆ ನನಗೇ! ಎಷ್ಟೋ ಕೊಳಕು ಕೆಲಸ ಮಾಡಿದ್ದೇನೆ, ನಿದ್ದೆ ಕೆಟ್ಟಿಲ್ಲ. ಆದರೆ ಆ ಮುದುಕಿಯ ಹೆಸರನ್ನು ಆ ಲಿಸ್ಟಿನ ಮೇಲಕ್ಕೆ ಹತ್ತಿಸಿದವನು ನಾನು. ಸಹಾಯ ಅಂತ ಹೇಳಿ ಹತ್ತಿಸಿದವನು!

ಮಾದೇಶ ಚನ್ನಬಸವನ ಮುಂದೆ ಕುಕ್ಕರುಗಾಲಲ್ಲಿ ಕೂತ. "ಸಾ, ನಮ್ಮವ್ವ ಒಟ್ಟೆ ನೋವು ಅಂತ ನಿಮ್ಮಾಸ್ಪತ್ರೇಲಿ ಮಲ್ಗವ್ಳೆ. ನಾಳಕೆ ಏಳು ಗಂಟ್ಗೆ ಒಳೀಕ್ಕೆ ಎತ್ಕೊಂಡೋಯ್ತರೆ. ನೀವು ಬರುದ್ರೆ ನಿಂತ್ಕತದಾ ಸಾ?"

ಮುದುಕ ಪೆನ್ನಿನ ಕ್ಯಾಪ್ ತೆಗೆದ. ಹಾಕಿದ. ಮತ್ತೆ ತೆಗೆದ.

"ನಿಲ್ಲುತ್ತೆ," ಅಂದ. "ಮೂವರು ಸಹಿ ಮಾಡಿದರೆ ಅವನಿಗೆ ಯಾರೂ ಥಿಯೇಟರ್ ಬಾಗಿಲು ತೆಗೆಯೋ ಹಾಗಿಲ್ಲ. ಡೀನ್ ಹೇಳಿದರೂ ಅಷ್ಟೇ."

"ಏಯ್! ಏನ್ ನಡೀತಿದೆ ಅಲ್ಲಿ?"

ಮಣಿ! ಪೈಪು ಹಿಡಿದು ಸಂದಿಯಲ್ಲಿ ನುಗ್ಗಿ ಬಂದಿದ್ದ.

"ರಿಜಿಸ್ಟರ್ ಕೊಡಮ್ಮಾ."

ರಂಜಿತ ಅದನ್ನು ಎದೆಗೆ ಅವಚಿಕೊಂಡಳು. ಮಣಿ ಪೈಪು ಎತ್ತಿದ.

ನಾನು ಅಡ್ಡ ನಿಂತೆ. ಎಡ ಭುಜಕ್ಕೆ ಬಿತ್ತು. ಕಣ್ಣಲ್ಲಿ ನಕ್ಷತ್ರ! ನೆಲಕ್ಕೆ ಬಿದ್ದೆ.

"ಶಿವಮಲ್ಲು! ನೀನು ಯಾರ ಕಡೆ ಕಣೋ?"

"ಅದನ್ನೇ ನಾನೂ ಕೇಳ್ಕತಾವ್ನಿ," ಅಂದೆ.

ಪೈಪು ಮತ್ತೆ ಎದ್ದಿತು. ಅಷ್ಟರಲ್ಲಿ...

ಪುಸ್ಸ್!

ಲಾರಿಯ ಏರ್ ಬ್ರೇಕ್! ಗಾಡಿ ತಡೆಗೋಡೆಯ ಪಕ್ಕಕ್ಕೇ ಒಂದು ಮೊಳ ಜಾರಿ ಗಕ್ಕನೆ ನಿಂತಿತು. ಮೇಲಿನ ಮೂಟೆ ಹರಿದು ಕೋಸು ಇಳಿಜಾರಿನಲ್ಲಿ ದಡಬಡ ಉರುಳಿ ಜೀಪಿಗೆ ಬಡಿಯಿತು.

ಕ್ಯಾಬಿನ್ನಿನಿಂದ ಮಾದೇಶನ ತಲೆ. "ಮಣಿಯಣ್ಣಾ! ಮೂತಿ ಮುಂದ್ಕೇ ನಿನ್ ಜೀಪು ಅದೆ. ಇನ್ನೊಂದ್ ಸಲ ಬುಟ್ರೆ ನಿನ್ಗಿಂತ ಮುಂಚೆ ಕೆಳ್ಗಡೆ ಬಣ್ಣಾರಿಗೆ ಓಯ್ತದೆ! ಬುಡ್ಲಾ?"

"ಲೇಯ್... ಬೇಡ!"

"ಬುಡ್ತೀನಿ ಕಣ್ಲಾ!"

ಮಣಿ ಪೈಪು ಬಿಸಾಕಿ ಓಡಿದ. ಜೀಪು ರಿವರ್ಸಿನಲ್ಲಿ ಒದರುತ್ತಾ ಮಂಜಿನೊಳಗೆ ಇಳಿದುಹೋಯಿತು.

ಚನ್ನಬಸವ ಬರೆಯುತ್ತಿದ್ದ. ಒಂದೊಂದು ಅಕ್ಷರವೂ ನೆಟ್ಟಗಿತ್ತು. ಮೂರು ಗಂಟೆ ಇಪ್ಪತ್ತೊಂದಕ್ಕೆ ಅವನ ಸಹಿ. ಆಮೇಲೆ ರಂಜಿತ. ಕೊನೆಗೆ ಪದ್ಮಶ್ರೀ.

ಅವಳು ಪೆನ್ನನ್ನು ನನ್ನ ಕಡೆ ಚಾಚಿದಳು. "ಹಿಂದಿನ ಎರಡು ಸಲ ನಾನು ಯಾಕೆ ಬರಲಿಲ್ಲ ಅಂತ ನೀವು ಬರೆದುಕೊಡಿ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಬರೆದರೆ ಕೆಲಸ ಹೋಗುತ್ತೆ. ಪೊಲೀಸ್ ಕೇಸೂ ಆಗಬಹುದು. ಮಾದೇಶ ನನ್ನನ್ನೇ ನೋಡುತ್ತಿದ್ದ.

ಎಡಗೈ ಏಳುತ್ತಿರಲಿಲ್ಲ. ಬಲಗೈ ಚೆನ್ನಾಗಿತ್ತು. ಬರೆದೆ.

ಲಾರಿಯೂ ಎರಡು ಕಾರೂ ಇಳಿದವು. ನಾನು ಲಾರಿಯಲ್ಲಿ ಕೂತೆ. ಬಣ್ಣಾರಿ ಹತ್ತಿರ ಸಿಗ್ನಲ್ ಬಂತು. ರಂಜಿತ ಅಲ್ಲೇ ಕಾರು ನಿಲ್ಲಿಸಿ ರಿಜಿಸ್ಟರಿನ ಫೋಟೋವನ್ನು ಯೂನಿವರ್ಸಿಟಿಗೊಂದು, ಥಿಯೇಟರ್ ಸಿಸ್ಟರಿಗೊಂದು ಕಳಿಸಿದಳು. ಐದೇ ನಿಮಿಷಕ್ಕೆ ಉತ್ತರ ಬಂತು: ನಾಳೆಯ ಲಿಸ್ಟ್ ರದ್ದು. ಮಲ್ಲಿಗಮ್ಮನನ್ನು ಬೇರೆ ಸರ್ಜನ್ ನೋಡುತ್ತಾರೆ.

ಮಾದೇಶ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತ.

ನನ್ನ ಫೋನು ಬಡಿದುಕೊಂಡಿತು. ಡೀನ್.

"ಶಿವಮಲ್ಲು! ಮೀಟಿಂಗ್ ಆಯ್ತಂತೆ! ಮೂರು ಸಹಿಯಂತೆ! ಹಾಲ್‌ಗೆ ನಾನೇ ಬೀಗ ಹಾಕಿಸಿದ್ದೆ ಕಣಯ್ಯಾ... ಎಲ್ಲಿ ಸೇರಿದರು ಅವರು?"

ಭುಜ ನೋಯುತ್ತಿತ್ತು. ಆದರೂ ನಗು ಬಂತು.

"ಜಾಗ ನೀವೇ ಹೇಳಿದ್ರಲ್ಲಾ ಸಾರ್... ಅಲ್ಲೇ!"