ಸರ್ಕಲ್ ಸುತ್ತಿದ ಸೈಕಲ್ ರೈಲು

"ನಾನೇ ಇಂಜಿನ್! ನನಗಿಂತ ನಿಧಾನ ಇಲ್ಲಿ ಯಾರೂ ಇಲ್ಲ!" ಎಂದು ಬಟಾಣಿ ಕಾಲನ್ನು ನೆಲಕ್ಕೆ ಬಡಿದ.

ಬಟಾಣಿ ಒಂದನೇ ಕ್ಲಾಸಿನವನು. ಅವನ ಸೈಕಲ್ಲಿನ ಚಕ್ರ ಊಟದ ತಟ್ಟೆಗಿಂತ ತುಸು ದೊಡ್ಡದು, ಅಷ್ಟೆ. ಅವನು ಉಸಿರು ಕಟ್ಟಿ ತುಳಿದರೂ ಸೈಕಲ್ ನಾಲ್ಕು ಮಾರು ಮುಂದೆ ಹೋದರೆ ದೊಡ್ಡದು. ಆದರೂ ಅವನ ಜಂಬ ಅಷ್ಟಿಷ್ಟಲ್ಲ. ಶಾಲೆಗೆ ಹೋಗುವ ಸೈಕಲ್ ರೈಲಿಗೆ ದಿನವೂ ಅವನೇ ಇಂಜಿನ್!

ರೈಲು ಅಂದರೆ ಹಳಿ ಮೇಲೆ ಓಡುವ ರೈಲಲ್ಲ. ಬೀದಿಯ ಮಕ್ಕಳೆಲ್ಲ ಬೆಳಿಗ್ಗೆ ನೀರಿನ ಟ್ಯಾಂಕಿನ ಹತ್ತಿರ ಸೇರಿ, ಒಬ್ಬರ ಹಿಂದೆ ಒಬ್ಬರು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದರು. ಒಬ್ಬೊಬ್ಬರೇ ಹೋದರೆ ಬಸ್ಸು ಲಾರಿಗಳು ಕ್ಯಾರೇ ಅನ್ನುವುದಿಲ್ಲ. ಸಾಲಾಗಿ ಬೆಲ್ ಬಾರಿಸುತ್ತ ಹೋದರೆ ಎಂಥ ಲಾರಿಯೂ ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತದೆ.

ರೈಲಿಗೆ ರೂಲ್ಸ್ ಇದ್ದವು. ಎಲ್ಲರಿಗಿಂತ ನಿಧಾನ ಇರುವವರೇ ಇಂಜಿನ್. ಇಂಜಿನ್ನನ್ನು ಯಾರೂ ಓವರ್‌ಟೇಕ್ ಮಾಡುವಂತಿಲ್ಲ. ಕೈ ತೋರಿಸದೆ ಯಾರೂ ತಿರುಗುವಂತಿಲ್ಲ. ಮತ್ತೆ, ದಿನಕ್ಕೊಂದು ಮನೆಯಿಂದ ದೊಡ್ಡವರೊಬ್ಬರು ಜೊತೆಗೆ ಬರಲೇಬೇಕು. ಬರದಿದ್ದರೆ ಅವತ್ತು ರೈಲೇ ಇಲ್ಲ.

ಇವತ್ತು ರಾಕೆಟ್ ಮನೆಯ ಸರದಿ.

ರಾಕೆಟ್ ಐದನೇ ಕ್ಲಾಸಿನ ಹುಡುಗಿ. ಸೈಕಲ್ ಹತ್ತಿದಳು ಅಂದರೆ ಕಣ್ಣು ಮಿಟುಕಿಸುವುದರೊಳಗೆ ಬೀದಿಯ ಆ ತುದಿಯಲ್ಲಿರುತ್ತಿದ್ದಳು. ಅದಕ್ಕೇ ಆ ಹೆಸರು. ಅವಳ ಅಪ್ಪ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಗೊರಕೆ ಹೊಡೆಯುತ್ತಿದ್ದ. ಇನ್ನು ಉಳಿದವಳು ಟೈಲರ್ ಅಮ್ಮ.

"ಇಷ್ಟು ವರ್ಷದಿಂದ ಪೆಡಲ್ ತುಳೀತಾನೇ ಇದೀನಿ, ಒಂದಡಿನೂ ಮುಂದೆ ಹೋಗಿಲ್ಲ ನೋಡು" ಎಂದು ಅಮ್ಮ ಹೊಲಿಗೆ ಮಷೀನಿನ ಮೇಲೆ ಕೈಯಿಟ್ಟು ನಗುತ್ತಿದ್ದಳು. ಕೊನೆಗೆ ಹೋದ ತಿಂಗಳು ಅಂಗಡಿಯ ಹಿಂದಿನ ಓಣಿಯಲ್ಲಿ ಸೈಕಲ್ ಕಲಿತಳು. ರಾಕೆಟ್ ಕ್ಯಾರಿಯರ್ ಹಿಡಿದು ಹಿಂದೆ ಹಿಂದೆ ಓಡಿದ್ದೂ ಓಡಿದ್ದೇ. ಓಣಿಯ ಗೋಡೆಗಳಿಗೆ ಅಮ್ಮ ಡಿಕ್ಕಿ ಹೊಡೆಯದ ಜಾಗವೇ ಇರಲಿಲ್ಲ!

ಇವತ್ತು ಮನೆಯಿಂದ ಹೊರಡುವಾಗ ಅಮ್ಮ ಖಡಾಖಂಡಿತವಾಗಿ ಹೇಳಿದ್ದಳು: "ಇವತ್ತೊಂದಿನ ನೋಡ್ತೀನಿ. ಎಲ್ಲರೆದುರು ಬಿದ್ದು ನಗೆಪಾಟಲಾದ್ರೆ ಮತ್ತೆ ಸೈಕಲ್ ಮುಟ್ಟೋಳಲ್ಲ. ಆಮೇಲೆ ನೀನುಂಟು, ನಿನ್ನ ರೈಲುಂಟು."

ಅಮ್ಮ ಸೈಕಲ್ ಬಿಟ್ಟರೆ ರಾಕೆಟ್ ಮನೆಯ ಸರದಿ ಬಂದಾಗಲೆಲ್ಲ ರೈಲು ಕ್ಯಾನ್ಸಲ್. "ನಮ್ಮನೆಯಿಂದ ಬಂದೇ ಬರ್ತಾರೆ" ಎಂದು ಎದೆ ತಟ್ಟಿಕೊಂಡು ಹೇಳಿದ್ದವಳು ಆಮೇಲೆ ಯಾರಿಗೆ ಮುಖ ತೋರಿಸುವುದು?

"ಬಟಾಣಿ ನಿಧಾನಾನೋ ಆಂಟಿ ನಿಧಾನಾನೋ, ಟೆಸ್ಟ್ ಮಾಡಿಬಿಡೋಣ!" ಎಂದು ಟ್ಯಾಂಕಿನ ಹತ್ತಿರ ಮೈಕ್ ಕೂಗಿದಳು. ಮೈಕ್ ರಾಕೆಟ್‌ನ ಗೆಳತಿ. ಅವಳ ಗುಟ್ಟುಗಳೂ ಪಕ್ಕದ ಬೀದಿಗೆ ಕೇಳಿಸುತ್ತವೆ. "ಇಲ್ಲಿಂದ ಆ ಲೈಟ್ ಕಂಬದ ತನಕ. ಕೊನೇಲಿ ಬಂದೋರು ಇಂಜಿನ್!"

ಬಟಾಣಿ ಬೇಕಂತಲೇ ಇಂಚು ಇಂಚಾಗಿ ತುಳಿದ. ನಡುನಡುವೆ ಆಕಾಶ ನೋಡಿದ. ಅಮ್ಮ ಮಾತ್ರ ಹಲ್ಲು ಕಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದಳು. ಆದರೆ ಅವಳ ಸೈಕಲ್ ಎಡಕ್ಕೆ ನಾಲ್ಕಡಿ, ಬಲಕ್ಕೆ ನಾಲ್ಕಡಿ, ಮುಂದಕ್ಕೆ ಅರ್ಧ ಅಡಿ ಹೋಯಿತು. ಬಟಾಣಿಯೇ ಮೊದಲು ಕಂಬ ಮುಟ್ಟಿಬಿಟ್ಟ.

"ಆಂಟಿ ಸೋತ್ರು! ಅಂದ್ರೆ ಗೆದ್ರು! ಇವತ್ತು ಆಂಟಿನೇ ಇಂಜಿನ್!" ಎಂದು ಮೈಕ್ ಕುಣಿದಳು. ಎಲ್ಲರೂ ಹೋ ಎಂದರು. ಕೆಲಸ ಕಳೆದುಕೊಂಡ ಬಟಾಣಿಯ ಕೆಳತುಟಿ ಮುಂದೆ ಬಂತು.

ರಾಕೆಟ್ ಕಿವಿ ಬಿಸಿಯಾಯಿತು. ಒಂದನೇ ಕ್ಲಾಸಿನ ಮಗುವಿಗಿಂತ ನಿಧಾನ! ಅದೂ ರಾಕೆಟ್‌ನ ಅಮ್ಮ! ಅವಳು ತಲೆ ತಗ್ಗಿಸಿಕೊಂಡು ಸೀಟಿಯನ್ನು ಕೊರಳಿಗೆ ಹಾಕಿಕೊಂಡಳು. "ನಾನು ಗಾರ್ಡ್ ಆಗ್ತೀನಿ" ಎಂದಳು. ಗಾರ್ಡ್ ಇರುವುದು ರೈಲಿನ ಕಟ್ಟಕಡೆಯಲ್ಲಿ. ಅಮ್ಮನಿಂದ ಅದಕ್ಕಿಂತ ದೂರದ ಜಾಗ ಇರಲಿಲ್ಲ.

ಪೀ ಎಂದು ಸೀಟಿ ಊದಿದಳು. ರೈಲು ಹೊರಟಿತು.

ಅಬ್ಬಾ, ಎಂಥ ನಿಧಾನ! ನಾಯಿ ಹಿಡಿದುಕೊಂಡು ವಾಕಿಂಗ್ ಹೊರಟಿದ್ದ ತಾತ ರೈಲನ್ನು ಹಿಂದೆ ಹಾಕಿ ಟಾಟಾ ಮಾಡಿದರು. ಮಕ್ಕಳಿಗೆ ಮಾತ್ರ ಮಜವೋ ಮಜ. ಅಷ್ಟು ನಿಧಾನವಾಗಿ ಹೋದರೆ ಮಾತಾಡಲು ಎಷ್ಟು ಬೇಕಾದರೂ ಪುರಸೊತ್ತು. ಮೈಕ್ ಕತೆ ಹೇಳಿದಳು. ಯಾರೋ ಹಾಡಿದರು. ಬಟಾಣಿ ಸಿಟ್ಟು ಮರೆತು ಬೆಲ್ಲಿನಲ್ಲೇ ತಾಳ ಹಾಕಿದ.

ಹೀಗೆ ದೊಡ್ಡ ಸರ್ಕಲ್ ಬಂತು. ಮಧ್ಯದಲ್ಲಿ ಒಂದು ಒಣಗಿದ ಕಾರಂಜಿ, ಸುತ್ತ ನಾಲ್ಕು ರಸ್ತೆ. ಒಂದು ರಸ್ತೆಯ ಕೊನೆಗೆ ಶಾಲೆಯ ಗೇಟು ಕಾಣುತ್ತಿತ್ತು. ಅರ್ಧ ಸುತ್ತು ಹಾಕಿ, ಎಡಗೈ ತೋರಿಸಿ, ಆ ರಸ್ತೆಗೆ ತಿರುಗಿದರೆ ಮುಗಿಯಿತು.

ಶಾಲೆಯ ತಿರುವು ಬಂತು. ಇಂಜಿನ್ ತಿರುಗಲಿಲ್ಲ. ಸರ್ಕಲ್ ಸುತ್ತುತ್ತ ಮುಂದಕ್ಕೇ ಹೋಯಿತು.

ಇಂಜಿನ್ ಹೋದಲ್ಲಿ ಡಬ್ಬಿಗಳು ಹೋಗಲೇಬೇಕಲ್ಲ! ಮೈಕ್ ಹೋದಳು, ಬಟಾಣಿ ಹೋದ, ಉಳಿದವರೆಲ್ಲ ಹೋದರು. "ಆಂಟಿ ನಮಗೆ ಒಂದು ರೌಂಡ್ ಫ್ರೀ ಕೊಡ್ತಿದಾರೆ!" ಎಂದು ಮೈಕ್ ಸಾರಿದಳು. ಬೆಲ್ಲುಗಳು ಟ್ರಿಣ್ ಟ್ರಿಣ್ ಎಂದವು. ಪಕ್ಕದ ರಸ್ತೆಯಿಂದ ಸೈಕಲ್ಲಿನಲ್ಲಿ ಬಂದ ಪೋಸ್ಟ್ ಅಕ್ಕ, ಚೀಲದ ಸಮೇತ ರೈಲಿನ ನಡುವೆ ಸಿಕ್ಕಿಕೊಂಡು ತಾವೂ ಸುತ್ತತೊಡಗಿದರು.

ರೈಲು ಉದ್ದ, ಸರ್ಕಲ್ ಚಿಕ್ಕದು. ರಾಕೆಟ್ ಬೆನ್ನ ಹಿಂದೆ ಯಾರೋ ಏದುಸಿರು ಬಿಡುವ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಅಮ್ಮ!

"ಏ, ನೀನು ನನ್ನ ಮುಂದೆ ಹೇಗೆ ಬಂದ್ಯೇ?" ಎಂದಳು ಅಮ್ಮ.

"ನಾನೆಲ್ಲಿ ಬಂದೆ? ನೀನೇ ನನ್ನ ಹಿಂದೆ ಬಂದಿದೀಯ! ತಿರುಗು ಅಮ್ಮಾ!"

"ಕೈ ತೋರಿಸದೆ ತಿರುಗೋ ಹಾಗಿಲ್ವಲ್ಲೇ! ಕೈ ಎತ್ತಿದ್ರೆ ಬೀಳ್ತೀನಿ!"

ರಾಕೆಟ್‌ಗೆ ಆಗ ಹೊಳೆಯಿತು. ಓಣಿಯಲ್ಲಿ ಬ್ರೇಕ್ ಹೇಳಿಕೊಟ್ಟಿದ್ದಳು, ಬೆಲ್ ಹೇಳಿಕೊಟ್ಟಿದ್ದಳು. ಒಂದು ಕೈ ಬಿಟ್ಟು ಓಡಿಸುವುದನ್ನು ಹೇಳಿಕೊಟ್ಟೇ ಇರಲಿಲ್ಲ. ಅದನ್ನೂ ಕಲಿಯಬೇಕಾ ಅಂದುಕೊಂಡಿದ್ದಳು.

ಈಗ ಇಡೀ ಸರ್ಕಲ್ಲೇ ಸೈಕಲ್ಲುಗಳ ಬಳೆಯಾಗಿತ್ತು. ಒಳಗೆ ನುಗ್ಗಲು ಜಾಗವಿಲ್ಲದೆ ನಾಲ್ಕೂ ರಸ್ತೆಗಳಲ್ಲಿ ವಾಹನಗಳು ನಿಂತವು. ಬಸ್ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇನ್ನೂ ಎಷ್ಟು ಸುತ್ತು ಇದೆ? ಅಷ್ಟರಲ್ಲಿ ನಾನು ತಿಂಡಿ ತಿಂದು ಬರ್ಲಾ?" ಎಂದ. ಬಸ್ಸಿನ ಜನ ಚಪ್ಪಾಳೆ ತಟ್ಟಿದರು.

"ಮಕ್ಕಳೇ, ನಾನು ಹಿಂದಿನ ರಸ್ತೆಗೆ ಹೋಗ್ಬೇಕಿತ್ತು!" ಎಂದು ಪೋಸ್ಟ್ ಅಕ್ಕ ಕೂಗಿದರು.

"ಇಂಜಿನ್ ತಿರುಗೋ ತನಕ ಯಾರೂ ತಿರುಗೋ ಹಾಗಿಲ್ಲ!" ಎಂದು ಬಟಾಣಿ ಗತ್ತಿನಿಂದ ಹೇಳಿದ.

ರಾಕೆಟ್‌ಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಳ್ಳಬೇಕು ಅನಿಸಿತು, ಆದರೆ ಕೈ ಹ್ಯಾಂಡಲ್ ಮೇಲಿತ್ತು. ನಗುತ್ತಲೇ ಇನ್ನೊಮ್ಮೆ ಹಿಂದೆ ನೋಡಿದಳು. ಅಮ್ಮ ನಗುತ್ತಿರಲಿಲ್ಲ. ಅವಳ ಬೆರಳ ಗಂಟುಗಳು ಬೆಳ್ಳಗಾಗಿದ್ದವು. ಕಣ್ಣು ಬಸ್ಸನ್ನೂ ನೋಡುತ್ತಿರಲಿಲ್ಲ, ಜನರನ್ನೂ ನೋಡುತ್ತಿರಲಿಲ್ಲ. ರಾಕೆಟ್‌ನ ಹಿಂದಿನ ಚಕ್ರವೊಂದನ್ನೇ ನೋಡುತ್ತಿತ್ತು.

ರಾಕೆಟ್‌ನ ನಗು ಅಲ್ಲೇ ನಿಂತಿತು.

"ಅಮ್ಮಾ, ನೀನು ಕೈ ಎತ್ತಬೇಡ. ಕೈ ನಾನು ತೋರಿಸ್ತೀನಿ. ನನ್ನ ಚಕ್ರದ ಹಿಂದೇನೇ ಬಾ."

"ಓವರ್‌ಟೇಕ್! ಇಂಜಿನ್ ಮುಂದೆ ಯಾರೂ ಹೋಗೋ ಹಾಗಿಲ್ಲ!" ಎಂದು ಬಟಾಣಿ ಆ ಕಡೆಯಿಂದ ಕಿರುಚಿದ.

"ಓವರ್‌ಟೇಕ್ ಎಲ್ಲಿ ಮಾಡಿದ್ನೋ? ನಾನು ಕೊನೇಲೇ ಇದೀನಿ, ಸರಿಯಾಗಿ ನೋಡು!" ಎಂದು ರಾಕೆಟ್ ತಿರುಗಿ ಕೂಗಿದಳು. ಬಟಾಣಿ ಲೆಕ್ಕ ಹಾಕತೊಡಗಿದ.

ಶಾಲೆಯ ತಿರುವು ಮತ್ತೆ ಬಂತು. ರಾಕೆಟ್ ಎಡಗೈಯನ್ನು ಉದ್ದಕ್ಕೆ ಚಾಚಿದಳು. ನಿಧಾನ, ನಿಧಾನ ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟು ನಿಧಾನವಾಗಿ ಅವಳು ಹುಟ್ಟಿದಾಗಿನಿಂದ ಸೈಕಲ್ ತುಳಿದಿರಲಿಲ್ಲ. ಅವಳು ತಿರುಗಿದಳು. ಅಮ್ಮ ತಿರುಗಿದಳು. ಅಮ್ಮನ ಹಿಂದೆ ಮೈಕ್, ಬಟಾಣಿ, ಪೋಸ್ಟ್ ಅಕ್ಕ, ಎಲ್ಲರೂ ಕೈ ಚಾಚಿ ದಾರದಲ್ಲಿ ಪೋಣಿಸಿದ ಹಾಗೆ ಒಬ್ಬೊಬ್ಬರಾಗಿ ತಿರುಗಿದರು. ಬಸ್ ಡ್ರೈವರ್ ಪೋಂ ಪೋಂ ಎಂದು ಹಾರ್ನ್ ಹೊಡೆದು ಬೀಳ್ಕೊಟ್ಟ.

ಗೇಟಿನಲ್ಲಿ ಅಮ್ಮ ಸೈಕಲ್ ಇಳಿದಳು. ಇಳಿದಳು ಅನ್ನುವುದಕ್ಕಿಂತ ಗೇಟನ್ನು ತಬ್ಬಿಕೊಂಡಳು. ಮಕ್ಕಳು ಮುತ್ತಿಕೊಂಡರು. "ಆಂಟಿ, ಸೂಪರ್! ಆಂಟಿ, ನಾಳೇನೂ ಬನ್ನಿ!" ಬಟಾಣಿ ಕೂಡ, "ನೀವು ಬೇಕಾದ್ರೆ ವಾರಕ್ಕೊಂದಿನ ಇಂಜಿನ್ ಆಗಿ" ಎಂದು ದೊಡ್ಡ ಮನಸ್ಸು ಮಾಡಿದ. ಆಗ ಅಮ್ಮನಿಗೆ ನಗು ಬಂತು. ಬಂದದ್ದು ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದನ್ನು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಬೆಲ್ ಹೊಡೆಯಿತು. ಉಳಿದ ಮಕ್ಕಳೆಲ್ಲ ಒಳಗೆ ಓಡಿದರು. ಅಮ್ಮ ಕಣ್ಣೊರೆಸಿಕೊಂಡು ಸರ್ಕಲ್ ಕಡೆ ನೋಡಿದಳು.

"ಇನ್ನು ವಾಪಸ್ ಹೋಗ್ಬೇಕಲ್ಲ" ಎಂದಳು, ಮೆಲ್ಲಗೆ.

ರಾಕೆಟ್ ಇದನ್ನು ಯೋಚಿಸಿಯೇ ಇರಲಿಲ್ಲ. ಬರುವಾಗ ಅಮ್ಮನ ಹಿಂದೆ ಇಡೀ ರೈಲಿತ್ತು. ಹೋಗುವಾಗ ಅಮ್ಮ ಒಬ್ಬಳೇ.

"ಬನ್ನಿ ಅಕ್ಕ, ನಾನೂ ಆ ಕಡೇನೇ ಹೋಗ್ಬೇಕು. ನೀವೇ ನನ್ನನ್ನ ಇಲ್ಲೀ ತನಕ ಎಳ್ಕೊಂಡು ಬಂದಿದ್ದು!" ಎಂದು ಪೋಸ್ಟ್ ಅಕ್ಕ ಚೀಲ ಸರಿ ಮಾಡಿಕೊಂಡರು. "ನೀವು ಮುಂದೆ, ನಾನು ಹಿಂದೆ. ನಿಮ್ಮ ರೂಲ್ ಅದೇ ಅಲ್ವಾ?"

ಅಮ್ಮ ಸೈಕಲ್ ಹತ್ತಿ, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಓಲಾಡಿ ಹೊರಟಳು. ಹೊರಟವಳು ತಿರುಗದೆಯೇ ಕೂಗಿದಳು: "ಸಾಯಂಕಾಲ ಕೈ ಬಿಡೋದು ಹೇಳ್ಕೊಡೇ! ಒಂದೇ ಕೈ ಸಾಕು!"

ರಾಕೆಟ್ ಕ್ಲಾಸಿಗೆ ಬಂದಾಗ ಹಾಜರಿ ಮುಗಿದಿತ್ತು.

"ಎಲ್ಲರೂ ಆಗಲೇ ಬಂದ್ರು. ನೀನೆಲ್ಲಿದ್ದೆ?" ಎಂದು ಮಿಸ್ ಕೇಳಿದರು.

"ಗೇಟ್ ಹತ್ರ, ಮಿಸ್. ಅಮ್ಮ ಸರ್ಕಲ್ ದಾಟೋ ತನಕ ನಿಂತಿದ್ದೆ."

"ದಾಟಿದ್ರಾ?"

"ಹೂಂ ಮಿಸ್. ಎರಡು ರೌಂಡ್ ಹೊಡೆದ್ಲು. ಮೂರನೇದಕ್ಕೆ ದಾಟಿದ್ಲು."

ಕ್ಲಾಸಿಗೆ ಕ್ಲಾಸೇ ಗೊಳ್ ಎಂದಿತು. ಮಿಸ್ ಕೂಡ ನಗು ಮುಚ್ಚಿಕೊಳ್ಳಲು ಬೋರ್ಡಿನ ಕಡೆ ತಿರುಗಿದರು. ರಾಕೆಟ್ ನಗುತ್ತ ತನ್ನ ಜಾಗಕ್ಕೆ ಹೋಗಿ ಕೂತಳು.

ದಿನವೂ ಅವಳು ಬೀದಿಯ ತಿರುವು ದಾಟುವ ತನಕ ಅಮ್ಮ ಅಂಗಡಿಯ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಒಳಗೆ ಹೋಗಮ್ಮ, ಎಲ್ಲರೂ ನೋಡ್ತಾರೆ" ಎಂದು ರಾಕೆಟ್ ಗದರುತ್ತಿದ್ದಳು. ನಾಳೆ ಹಾಗೆ ಗದರುವುದಿಲ್ಲ ಅಂದುಕೊಂಡು ಅವಳು ಪುಸ್ತಕ ತೆರೆದಳು.