ಸಂಹಿತಾ ನಿಂತ ಜಾಗ

2025ರ ಮಾರ್ಚ್ 15, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.

"ಸಂಹಿತಾ, ಹಿಂದೆ! ಹಿಂದೆ ನೋಡು!" ಅದೇ ತಂಡದ ಅಮೀನಾ ಕಿರುಚಿದಳು.

ಸಂಹಿತಾ ತಿರುಗುವಷ್ಟರಲ್ಲಿ ಚೆಂಡು ಅವಳ ತಲೆಯ ಮೇಲಿಂದ ಹಾರಿ ಹೋಗಿತ್ತು. ಅವಳು ಕಾಯಬೇಕಿದ್ದ ಜಾಗ ಖಾಲಿ. ಹಸಿರು ಅಂಗಿಯ ಹುಡುಗನೊಬ್ಬ ಚೆಂಡನ್ನು ಹಿಡಿದು, ಆರಾಮಾಗಿ ಮೈದಾನದ ಕೊನೆಯ ಗೆರೆ ದಾಟಿದ. ಎರಡನೇ ಮ್ಯಾಚನ್ನೂ ಸೋತಾಯಿತು.

ಅಮೆರಿಕನ್ ಫುಟ್‌ಬಾಲಿನಲ್ಲಿ ದೊಡ್ಡವರು ಒಬ್ಬರನ್ನೊಬ್ಬರು ಹಿಡಿದು ಕೆಡವುತ್ತಾರೆ. ಮಕ್ಕಳ ಆಟದಲ್ಲಿ ಅದಿಲ್ಲ. ಎಲ್ಲರ ಸೊಂಟದ ಬೆಲ್ಟಿನಲ್ಲೂ ಎರಡು ಬಟ್ಟೆಪಟ್ಟಿ ತೂಗಾಡುತ್ತಿರುತ್ತವೆ. ಅದಕ್ಕೆ ಫ್ಲ್ಯಾಗ್ ಎಂದು ಹೆಸರು. ಚೆಂಡು ಹಿಡಿದು ಓಡುವವರ ಒಂದು ಫ್ಲ್ಯಾಗ್ ಕಿತ್ತರೆ ಸಾಕು, ಆಟ ಅಲ್ಲಿಗೇ ನಿಲ್ಲುತ್ತದೆ. ಕೀಳುವುದರಲ್ಲಿ ಸಂಹಿತಾಳಿಗೆ ಸರಿಸಾಟಿ ಯಾರೂ ಇರಲಿಲ್ಲ.

"ಒಂಬತ್ತು, ಪುಟ್ಟಾ! ಎರಡೇ ಮ್ಯಾಚಿಗೆ ಒಂಬತ್ತು!" ಎನ್ನುತ್ತಾ ಅಪ್ಪ ಮಧುಸೂದನ್ ಫೋನು ಮುಂದೆ ಹಿಡಿದರು. "ಅಜ್ಜಂಗೆ ಆಗ್ಲೇ ಮೆಸೇಜ್ ಹಾಕ್ಬಿಟ್ಟೆ. ಏನಂದ್ರು ಕೇಳು."

ಧಾರವಾಡದಿಂದ ಅಜ್ಜ ಅಡಿವೆಪ್ಪನವರ ದನಿ ಬಂತು. "ಒಂಬತ್ತೇನವಾ? ಭಾಳ ಚೊಲೊ ಆತು! ಮುಂದಿಂದ್ರಾಗ ಹನ್ನೆರಡ ಆಗಬೇಕ ನೋಡು!" ಅಜ್ಜ ಮೇಷ್ಟ್ರಾಗಿದ್ದವರು. ಹಿಂದೆ ಮಾರ್ಕ್ಸ್ ಕೇಳುತ್ತಿದ್ದರು, ಈಗ ಪ್ರತಿ ಶನಿವಾರ ಫ್ಲ್ಯಾಗ್ ಕೇಳುತ್ತಿದ್ದರು.

ಸಂಹಿತಾ ನಗಲಿಲ್ಲ. ಅವಳ ಬೂಟಿನೊಳಗೆ ಕೆಸರುನೀರು ಪಚಪಚ ಅನ್ನುತ್ತಿತ್ತು.

ಅಮೀನಾ ನೀರಿನ ಬಾಟಲಿಯನ್ನು ಬ್ಯಾಗಿನೊಳಗೆ ದಬ್ಬುತ್ತಾ ಹೇಳಿದಳು: "ನೀನು ನನ್ನ ಜಾಗಕ್ಕೆ ಯಾಕೆ ಬರ್ತೀಯ? ಆ ಫ್ಲ್ಯಾಗ್ ನಾನೇ ಕೀಳ್ತಿದ್ದೆ. ಇವತ್ತು ಅವರು ನಾಲ್ಕು ಸಲ ಸ್ಕೋರ್ ಮಾಡಿದ್ರು. ನಾಲ್ಕೂ ನಿನ್ನ ಹಿಂದೆನೇ!"

ಕೋಚ್ ಮಿಸ್ ಓವೆನ್ಸ್ ಬೈಯಲಿಲ್ಲ. ಅವರಿಗೂ ಸುಸ್ತಾಗಿತ್ತು. "ಸಂಹಿತಾ, ನೀನು ನಮ್ಮ ಸೇಫ್ಟಿ. ಎಲ್ಲರಿಗಿಂತ ಹಿಂದೆ ನಿಲ್ಲೋದು ನಿನ್ನ ಕೆಲಸ. ಕೊನೇ ಮ್ಯಾಚಲ್ಲೂ ಜಾಗ ಬಿಟ್ಟು ಓಡಿದ್ರೆ... ಸಾರಿ, ನಿನ್ನನ್ನ ಬೆಂಚಲ್ಲಿ ಕೂರಿಸ್ಬೇಕಾಗುತ್ತೆ."

 ಸಂಹಿತಾ ಹೋಗಿ ಅಮ್ಮನ ಪಕ್ಕ ಹುಲ್ಲಿನ ಮೇಲೆ ಕುಳಿತಳು.

ಅಮ್ಮ ಪ್ರಭಾ ಡಾಕ್ಟರು. ನೈಟ್ ಡ್ಯೂಟಿ ಮುಗಿಸಿ, ಮನೆಗೂ ಹೋಗದೆ, ಲಂಡನ್ನಿನ ಹೌನ್ಸ್ಲೋದ ಈ ಮೈದಾನಕ್ಕೆ ನೇರ ಬಂದಿದ್ದರು. ಮಡಚುವ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಹೀಥ್ರೂಗೆ ಇಳಿಯುವ ವಿಮಾನಗಳ ಸದ್ದಿಗೂ ಅವರಿಗೆ ಎಚ್ಚರವಾಗಿರಲಿಲ್ಲ. ಮಗಳು ಕುಳಿತದ್ದಕ್ಕೆ ಮಾತ್ರ ಆಯಿತು.

"ಎಷ್ಟ ದಣದೀಯವಾ. ಬಾ, ಕೈ ಬೆಚ್ಚಗ ಮಾಡ್ಕೊ."

"ನೈಟ್ ತುಂಬಾ ಬಿಝಿ ಇತ್ತಾ, ಅಮ್ಮ?"

"ಇಲ್ಲವಾ. ವಾರ್ಡಿನ್ಯಾಗ ಇಪ್ಪತ್ತೆಂಟು ಮಂದಿ. ಯಾರಿಗೂ ಏನೂ ಆಗ್ಲಿಲ್ಲ."

"ದೆನ್ ವೈ ಆರ್ ಯು ಸೋ ಟಯರ್ಡ್?"

ಅಮ್ಮ ಆಕಳಿಸುತ್ತಲೇ ನಕ್ಕರು. "ಏನೂ ಆಗ್ಲಿಲ್ಲ ಅಂತ ಗೊತ್ತಾಗಿದ್ದು ಬೆಳಿಗ್ಗೆ. ರಾತ್ರಿ ಗೊತ್ತಿರ್ತದೇನು?"

ಮತ್ತೆ ಅವರ ಕಣ್ಣು ಮುಚ್ಚಿದವು. ಸಂಹಿತಾ ಸ್ವಲ್ಪ ಹೊತ್ತು ಅವರ ಕೈ ಹಿಡಿದುಕೊಂಡೇ ಇದ್ದಳು. ವಿಸಿಲ್ ಊದಿದಾಗ ಎದ್ದು ಹೋದಳು.

ಮೂರನೇ ಮ್ಯಾಚಿನಲ್ಲಿ ಎದುರಿಗೆ ಹಳದಿ ತಂಡ. ಸಂಹಿತಾ ಹಿಂದೆ ನಿಂತಳು. ಚೆಂಡು ಎಡಕ್ಕೆ ಹೋಯಿತು, ಅಮೀನಾ ಫ್ಲ್ಯಾಗ್ ಕಿತ್ತಳು. ಬಲಕ್ಕೆ ಹೋಯಿತು, ಇನ್ನೊಬ್ಬ ಕಿತ್ತ. ಸಂಹಿತಾಳ ಕಾಲು ತಾನಾಗಿಯೇ ಎದ್ದೇಳುತ್ತಿತ್ತು. ಅವಳು ಅದನ್ನು ಹುಲ್ಲಿಗೆ ಒತ್ತಿ ಹಿಡಿದಳು.

"ಪುಟ್ಟಾ, ಇನ್ನೂ ಒಂದೂ ಇಲ್ವಲ್ಲೋ! ಓಡು, ಓಡು!" ಅಪ್ಪ ಮೈದಾನದ ಪಕ್ಕದಿಂದ ಕೂಗಿದರು. ಸಂಹಿತಾ ಅತ್ತ ನೋಡಲಿಲ್ಲ.

ಕೊನೆಯ ಸರದಿ. ಸಂಹಿತಾಳ ತಂಡ ಒಂದೇ ಒಂದು ಪಾಯಿಂಟು ಮುಂದಿತ್ತು. ಹಳದಿ ತಂಡ ಗೆರೆ ದಾಟಿದರೆ ಇದೂ ಹೋಯಿತು.

ಚೆಂಡು ಎಸೆಯುವ ಹುಡುಗ ಅಮೀನಾಳ ಕಡೆಗೆ ಕೈ ಬೀಸಿದ. ಸುಳ್ಳು ಎಸೆತ! ಚೆಂಡು ಅವನ ಕೈಯಲ್ಲೇ ಇತ್ತು. ಬೆಳಿಗ್ಗೆಯಾಗಿದ್ದರೆ ಸಂಹಿತಾ ಇಷ್ಟರಲ್ಲಿ ಓಡಿಬಿಡುತ್ತಿದ್ದಳು.

ಅವಳ ಹಿಂದೆ ಹಳದಿ ತಂಡದ ಎತ್ತರದ ಹುಡುಗಿಯೊಬ್ಬಳು ಕೈ ಎತ್ತಿ ಚೆಂಡಿಗಾಗಿ ಕಾಯುತ್ತಿದ್ದಳು. ಹುಡುಗ ಆ ಕಡೆ ನೋಡಿದ. ನಡುವೆ ನಿಂತ ಸಂಹಿತಾಳನ್ನು ನೋಡಿದ. ಎತ್ತಿದ ತೋಳನ್ನು ಇಳಿಸಿದ. ಇನ್ನೊಮ್ಮೆ ನೋಡಿದ.

ಸಂಹಿತಾ ಅಲ್ಲೇ ಇದ್ದಳು.

ಬೇರೆ ದಾರಿ ಕಾಣದೆ ಅವನು ಹತ್ತಿರದಲ್ಲಿದ್ದ ಗೆಳೆಯನಿಗೆ ಚೆಂಡು ಕೊಟ್ಟ. ಗೆಳೆಯ ತಲೆ ತಗ್ಗಿಸಿ ಓಡಿದ. ಅಮೀನಾ ಬೆನ್ನಟ್ಟಿ, ಜಾರಿ, ಬೀಳುತ್ತಾ ಬೀಳುತ್ತಾ ಕೈ ಚಾಚಿದಳು. ಪಟ್ ಎಂದು ಫ್ಲ್ಯಾಗ್ ಕಿತ್ತು ಬಂತು.

ವಿಸಿಲ್! ಎಲ್ಲರೂ ಅಮೀನಾಳ ಮೇಲೆ ಬಿದ್ದು ಕುಣಿದರು.

ಕೈ ಕುಲುಕುವಾಗ ಹಳದಿ ಹುಡುಗ ಸಂಹಿತಾಳ ಮುಂದೆ ನಿಂತು ಮುಖ ಗಂಟಿಕ್ಕಿದ. "ನೀನು ಅಲ್ಲಿಂದ ಅಲ್ಲಾಡೋದೇ ಇಲ್ವಾ?"

 ಹಿಂದಿನ ಎರಡು ಮ್ಯಾಚಿನಲ್ಲಿ ಅಷ್ಟು ಓಡಿದಾಗಲೂ ದಣಿಯದ ಸಂಹಿತಾ ಈಗ ನಿಂತೇ ದಣಿದಿದ್ದಳು. ಅವನು ಎಸೆಯದೆ ಬಿಟ್ಟ ಆ ಚೆಂಡನ್ನು ನೆನೆದು ಅವಳು ಮೆಲ್ಲಗೆ ನಕ್ಕಳು.

ಚೆಂಡು ನಿಂತ ಜಾಗದಲ್ಲಿ ರೆಫರಿ ಇಟ್ಟಿದ್ದ ಗುರುತು ಇನ್ನೂ ಹಾಗೇ ಇತ್ತು. ಸಂಹಿತಾ ಒಬ್ಬಳೇ ಅಲ್ಲಿಗೆ ಹೋಗಿ, ಹಳದಿ ತಂಡ ದಾಟಬೇಕಿದ್ದ ಗೆರೆಯವರೆಗೆ ನಿಧಾನವಾಗಿ ಹೆಜ್ಜೆ ಹಾಕಿ ಅಳೆದಳು.

ಎರಡು ಗಜ.